ಎರಡು ಹಳಿ, ಒಂದು ಬೈಠಕ್

ವಾಡಿ ಜಂಕ್ಷನ್ನಿನಲ್ಲಿ ರಾತ್ರಿ ಹೊತ್ತು ರೈಲಿಗೆ ಕಾದು ಕೂತವರು ಗಮನಿಸಿರುತ್ತಾರೆ: ಪ್ಲಾಟ್‌ಫಾರ್ಮಿನ ಮೇಲೆ ಊರಿನವರಿಗಿಂತ ಗಾಡಿ ಬದಲಿಸುವವರೇ ಜಾಸ್ತಿ. ಮುಂಬೈ ಕಡೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ಮೂರು ವರ್ಷಕ್ಕೆ, 1874ರಲ್ಲಿ, ನಿಜಾಮರ ಸಂಸ್ಥಾನದ ಹಳಿ ವಾಡಿಯಿಂದ ಹೊರಟು ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು ಹಾದು ಸಿಕಂದರಾಬಾದ್ ಮುಟ್ಟಿತು. ಕಂಪನಿ ಬೇರೆ, ಹೋಗುವ ಊರು ಬೇರೆ, ಒಡೆಯರು ಬೇರೆ. ಎರಡು ಕಂಬಿಗಳ ನಡುವಿನ ಅಳತೆ ಮಾತ್ರ ಒಂದೇ. ಆ ಒಂದು ಅಳತೆ ಹೊಂದಿದ್ದಕ್ಕೇ ಈ ಹಳಿಯ ಡಬ್ಬಿ ಆ ಹಳಿಯ ಮೇಲೆ ಓಡಿತು.

ಕೊಳಲು ಮತ್ತು ಜಾಝ್ ಜೊತೆಗೂಡುವ ಮಾತು ಬಂದಾಗಲೆಲ್ಲ ನನಗೆ ವಾಡಿಯೇ ನೆನಪಿಗೆ ಬರುತ್ತದೆ. ಇಂಥದ್ದಕ್ಕೆ ನಾವು ಥಟ್ಟನೆ ‘ಫ್ಯೂಷನ್’ ಎಂದುಬಿಡುತ್ತೇವೆ. ಹಾಲಿಗೆ ನೀರು ಬೆರೆಸಿದ ಹಾಗೆ ಎರಡೂ ಕರಗಿ ಒಂದಾಗಬೇಕು ಎಂಬ ಗ್ರಹಿಕೆ ಅದು. ಜಂಕ್ಷನ್ನಿನ ರೀತಿ ಬೇರೆ. ಅಲ್ಲಿ ಎರಡೂ ಹಳಿ ತಮ್ಮ ತಮ್ಮ ದಾರಿ ಬಿಡುವುದಿಲ್ಲ. ಸ್ವಲ್ಪ ದೂರ ಪಕ್ಕಪಕ್ಕ ಓಡುತ್ತವೆ, ಆಮೇಲೆ ಅಗಲುತ್ತವೆ. ಹಾಗೆ ಓಡಲು ಬೇಕಾದ್ದು ಒಂದು ಸಮಾನ ಅಳತೆ. ಕೊಳಲಿಗೂ ಜಾಝಿಗೂ ಅಂಥ ಅಳತೆ ಇದೆಯೇ? ಇದ್ದರೆ ಅದು ಎಲ್ಲಿ ಸಿಗುತ್ತದೆ?

ಒಂದು ಸಂಜೆಯ ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಕಡೆಯ ಒಂದು ಉತ್ಸವ, ಹೆಸರು ಬೇಡ. ವೇದಿಕೆಯ ಮೇಲೆ ಕೊಳಲು, ಕೀಬೋರ್ಡ್, ಬೇಸ್ ಗಿಟಾರ್, ಡ್ರಮ್ ಸೆಟ್. ಕೊಳಲಿನವರು ಮಂದ್ರದಲ್ಲಿ ಒಂದು ಸ್ವರ ಹಿಡಿದು ನಿಂತರು. ಅವರ ಕೆನ್ನೆ, ತುಟಿ, ಬೆರಳು ಎಲ್ಲ ದೊಡ್ಡ ಪರದೆಯ ಮೇಲೆ ಕಾಣುತ್ತಿತ್ತು. ಸ್ವರ ಮಾತ್ರ ಕೇಳಲಿಲ್ಲ. ಡ್ರಮ್ಮಿನ ತಟ್ಟೆ ಅದನ್ನು ನುಂಗಿತ್ತು. ಧ್ವನಿವರ್ಧಕದವರು ಕೊಳಲಿನ ಮೈಕ್ ಏರಿಸಿದರೆ ಉಸಿರಿನ ‘ಫೂ’ ಸದ್ದೇ ಸಿಡಿಯಿತು. ಕೊನೆಗೆ ಕಲಾವಿದರು ತಾರ ಸಪ್ತಕಕ್ಕೆ ಏರಿ, ಜನರಿಗೆ ಗೊತ್ತಿದ್ದ ಒಂದು ಸಿನಿಮಾ ಧಾಟಿ ಹಿಡಿದರು. ಚಪ್ಪಾಳೆ ಬಿತ್ತು. ಆ ಸಂಜೆ ನುಡಿಸಿದವರದೂ ತಪ್ಪಿಲ್ಲ, ಕೇಳಿದವರದೂ ತಪ್ಪಿಲ್ಲ. ಜಾಗದ ತಪ್ಪು.

ಬಿದಿರಿನ ಲೆಕ್ಕ

ಕೊಳಲು ಕೋಣೆಯ ವಾದ್ಯ. ಹಿಂದೂಸ್ತಾನಿಯವರ ಇವತ್ತಿನ ಉದ್ದನೆಯ ಬಾನ್ಸುರಿ ಬಂದದ್ದೇ ಕಳೆದ ಶತಮಾನದಲ್ಲಿ. ಬಾರಿಸಾಲಿನ ಪನ್ನಾಲಾಲ್ ಘೋಷ್ (1911–1960) ಗಾಯಕಿಯ ಗಾಂಭೀರ್ಯ ಬೇಕೆಂದು ಕೊಳಲನ್ನು ಸುಮಾರು 32 ಇಂಚಿಗೆ ಉದ್ದ ಮಾಡಿದರು, ಬೆರಳಿಗೆ ಏಳನೆಯ ರಂಧ್ರ ಸೇರಿಸಿದರು. ಅಷ್ಟು ಉದ್ದದ ಬಿದಿರಿನ ರಂಧ್ರಗಳನ್ನು ಬೆರಳ ತುದಿಯಿಂದ ಮುಚ್ಚಲಾಗುವುದಿಲ್ಲ; ಬೆರಳು ನೀಳವಾಗಿ ಚಾಚಿ ಅದರ ಮೆತ್ತನೆಯ ಭಾಗದಿಂದ ಮುಚ್ಚಬೇಕು. ಒಂದು ರಂಧ್ರವನ್ನು ಒಮ್ಮೆಲೇ ತೆರೆಯದೆ, ಬೆರಳನ್ನು ಮೆಲ್ಲಗೆ ಹೊರಳಿಸುತ್ತ ಹೋದರೆ ಸ್ವರ ಜಾರುತ್ತದೆ. ಅದೇ ಮೀಂಡ್. ಕರ್ನಾಟಕ ಸಂಗೀತದ ಕೊಳಲು ಗಿಡ್ಡ, ಬೆರಳಿಗೆ ಎಂಟು ರಂಧ್ರ. ಅದರ ಗಮಕ ಇನ್ನೂ ಚುರುಕು.

ಪಶ್ಚಿಮದ ಲೋಹದ ಕೊಳಲಿನ ಕಥೆ ಬೇರೆ. ಜರ್ಮನಿಯ ಥಿಯೊಬಾಲ್ಡ್ ಬೋಮ್ 1847ರಲ್ಲಿ ಅದಕ್ಕೆ ಕೊಟ್ಟ ರೂಪವೇ ಇವತ್ತಿಗೂ ನಡೆದಿದೆ. ಅಲ್ಲಿ ಕೀಲಿಗಳಿವೆ, ಹನ್ನೆರಡೂ ಸ್ವರಸ್ಥಾನ ಸರಾಗ ಸಿಗುತ್ತವೆ, ಯಾವ ಶ್ರುತಿಗೆ ಬೇಕಾದರೂ ಹಾರಬಹುದು. ನಮ್ಮವರು ಶ್ರುತಿ ಬದಲಾದರೆ ಕೊಳಲನ್ನೇ ಬದಲಿಸುತ್ತಾರೆ. ಅದಕ್ಕೇ ಕೊಳಲಿನವರ ಚೀಲದಲ್ಲಿ ಒಂದು ಕಟ್ಟು ಬಿದಿರು. ಒಂದು ಕಾಳಿ ಏಕ್, ಇನ್ನೊಂದು ಸಫೇದ್ ತೀನ್ ಎಂದು ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಗುರುತು ಹೇಳುತ್ತಾರೆ.

ಇದರ ಜೊತೆಗೆ ನಮ್ಮ ಬಿಸಿಲಿನ ಲೆಕ್ಕವೂ ಇದೆ. ಗಾಳಿ ಕಾದಷ್ಟೂ ಅದರೊಳಗಿನ ಸದ್ದಿನ ವೇಗ ಏರುತ್ತದೆ, ಕೊಳಲಿನ ಶ್ರುತಿಯೂ ಏರುತ್ತದೆ. ಅರ್ಧಸ್ವರವನ್ನು ನೂರು ಪಾಲು ಮಾಡಿದರೆ, ಪ್ರತಿ ಡಿಗ್ರಿಗೆ ಹೆಚ್ಚುಕಡಿಮೆ ಮೂರು ಪಾಲು. ಹತ್ತು ಡಿಗ್ರಿ ವ್ಯತ್ಯಾಸವಾದರೆ ಅರ್ಧಸ್ವರದ ಮೂರನೆಯ ಒಂದು ಪಾಲಿನ ಹತ್ತಿರ ಬಂತು. ಉಸಿರಿನ ಬಿಸಿ ಈ ವ್ಯತ್ಯಾಸವನ್ನು ತುಸು ತಗ್ಗಿಸುತ್ತದೆ ಅಷ್ಟೇ. ಇತ್ತ ಗಿಟಾರಿನ ತಂತಿ ಬಿಸಿಗೆ ಸಡಿಲಾಗಿ ಕೆಳಗಿಳಿಯುತ್ತದೆ. ಶಹಾಬಾದಿನ ಮೇ ತಿಂಗಳ ಸಂಜೆ ಬಯಲು ವೇದಿಕೆಯಲ್ಲಿ ಇವೆರಡನ್ನು ಕೂಡಿಸಿದರೆ, ರಾಗ ಕೂಡುವ ಮೊದಲೇ ಶ್ರುತಿ ಅಗಲಿರುತ್ತದೆ.

ಜಾಝ್ ನಡೆದು ಬಂದ ದಾರಿ

ಜಾಝ್ ಭಾರತಕ್ಕೆ ಬಂದದ್ದು ಹೋಟೆಲುಗಳ ಮೂಲಕ. 1935ರಲ್ಲಿ ಲಿಯಾನ್ ಅಬ್ಬೆಯ ತಂಡ ಮುಂಬೈಯ ತಾಜ್ ಹೋಟೆಲಿನಲ್ಲಿ ನುಡಿಸಿತು. ಗೋವಾದ ವಾದಕರು ಅದನ್ನು ಕಲಿತು ಸಿನಿಮಾ ಸ್ಟುಡಿಯೋಗಳಿಗೆ ಒಯ್ದರು. ಅದು ಕುಣಿತದ ಸಂಗೀತ. ರಾಗದ ಗೊಡವೆಗೆ ಹೋಗಲಿಲ್ಲ.

ರಾಗದ ಕಡೆಗೆ ಜಾಝ್ ತಾನಾಗಿ ತಿರುಗಿದ್ದು 1959ರ ಹೊತ್ತಿಗೆ. ಆ ವರ್ಷ ಮೈಲ್ಸ್ ಡೇವಿಸ್ ‘ಕೈಂಡ್ ಆಫ್ ಬ್ಲೂ’ ಎಂಬ ಧ್ವನಿಮುದ್ರಿಕೆ ತಂದರು. ಅಲ್ಲಿಯ ತನಕ ಜಾಝಿನವರು ಎರಡು ಮಾತ್ರೆಗೊಂದು, ನಾಲ್ಕು ಮಾತ್ರೆಗೊಂದು ಸ್ವರಗುಚ್ಛ (ಕಾರ್ಡ್) ಬದಲಿಸುತ್ತ, ಅದರ ಬೆನ್ನು ಹತ್ತಿ ನುಡಿಸುತ್ತಿದ್ದರು. ಮೈಲ್ಸ್ ಆ ಓಟ ನಿಲ್ಲಿಸಿ, ಒಂದೇ ಸ್ವರಶ್ರೇಣಿಯಲ್ಲಿ ಬಹಳ ಹೊತ್ತು ಕೂತರು. ಅದರ ಮೊದಲ ಹಾಡು ‘ಸೋ ವಾಟ್’ ಡೋರಿಯನ್ ಎಂಬ ಶ್ರೇಣಿಯಲ್ಲಿದೆ. ಗಾಂಧಾರ, ನಿಷಾದ ಕೋಮಲ, ಉಳಿದವೆಲ್ಲ ಶುದ್ಧ. ನಮ್ಮ ಕಡೆಯ ಯಾವ ಸಂಗೀತ ವಿದ್ಯಾರ್ಥಿಯನ್ನು ಕೇಳಿದರೂ ಇದು ಕಾಫಿ ಥಾಟ್ ಎನ್ನುತ್ತಾನೆ. ಬೆಂಗಳೂರಿನ ವಿದ್ಯಾರ್ಥಿ ಖರಹರಪ್ರಿಯ ಎನ್ನುತ್ತಾನೆ. ಬ್ಲೂಸ್ ಹಾಡುಗಳ ಐದು ಸ್ವರದ ಮೂಲ ಧಾಟಿ ನಮಗೆ ಧಾನಿ, ಬೆಂಗಳೂರಿನವರಿಗೆ ಶುದ್ಧ ಧನ್ಯಾಸಿ. ಥಾಟ್ ಕೂಡಿದ ಮಾತ್ರಕ್ಕೆ ರಾಗ ಕೂಡುವುದಿಲ್ಲ; ಆದರೆ ಪಕ್ಕದ ಮನೆಯ ಬಾಗಿಲು ತೆರೆದಿದೆ ಎಂದಾದರೂ ಗೊತ್ತಾಯಿತು.

ಆಮೇಲೆ ಒಂದರ ಹಿಂದೊಂದು. 1961ರಲ್ಲಿ ಜಾನ್ ಕೋಲ್ಟ್ರೇನ್ ‘ಇಂಡಿಯಾ’ ಎಂಬ ಹೆಸರಿನ ರಚನೆಯನ್ನೇ ನುಡಿಸಿದರು. 1965ರಲ್ಲಿ ಹುಟ್ಟಿದ ಮಗನಿಗೆ ರವಿಶಂಕರರ ಹೆಸರಿಟ್ಟರು. 1962ರಲ್ಲಿ ಬಂದ ರವಿಶಂಕರರ ‘ಇಂಪ್ರೊವೈಸೇಷನ್ಸ್’ ಧ್ವನಿಮುದ್ರಿಕೆಯಲ್ಲಿ ಅಮೆರಿಕದ ಬಡ್ ಶ್ಯಾಂಕ್ ಕೊಳಲು ನುಡಿಸಿದ್ದಾರೆ. ‘ಪಥೇರ್ ಪಾಂಚಾಲಿ’ ಸಿನಿಮಾದ ಧಾಟಿಯನ್ನು ಜಾಝ್ ಕೊಳಲು ಹಿಡಿದದ್ದು ಅಲ್ಲಿ. ಬಾನ್ಸುರಿಯ ಸರದಿ ಬಂದದ್ದು 1986ರ ಡಿಸೆಂಬರಿನಲ್ಲಿ, ನಾರ್ವೆಯ ಓಸ್ಲೋದಲ್ಲಿ. ತಬಲಾದ ಝಾಕಿರ್ ಹುಸೇನ್ ‘ಮೇಕಿಂಗ್ ಮ್ಯೂಸಿಕ್’ ಧ್ವನಿಮುದ್ರಿಕೆಯಲ್ಲಿ ಬಾನ್ಸುರಿಗೆ ಹರಿಪ್ರಸಾದ್ ಚೌರಾಸಿಯಾ, ಗಿಟಾರಿಗೆ ಜಾನ್ ಮೆಕ್‌ಲಾಫ್ಲಿನ್, ಸ್ಯಾಕ್ಸೊಫೋನಿಗೆ ಯಾನ್ ಗರ್ಬಾರೆಕ್ ಅವರನ್ನು ಕೂಡಿಸಿಕೊಂಡರು. ನಾಲ್ಕೇ ಜನ. ಬೇಸ್ ಇಲ್ಲ, ಡ್ರಮ್ ಸೆಟ್ ಇಲ್ಲ, ಪಿಯಾನೋ ಇಲ್ಲ. ಕೇಳಿದರೆ ನಾಲ್ವರು ಜಮಖಾನದ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಂತೆ ಅನಿಸುತ್ತದೆ.

ಪಶ್ಚಿಮದವರು ಚೇಂಬರ್ ಸಂಗೀತ ಅನ್ನುವುದು ಇದಕ್ಕೇ: ಕೋಣೆಯಲ್ಲಿ ನಾಲ್ಕೈದು ಜನ ಒಬ್ಬರ ಮುಖ ಒಬ್ಬರು ನೋಡುತ್ತ ನುಡಿಸುವುದು. ನಮ್ಮ ಕಡೆ ಅದಕ್ಕೆ ಬೈಠಕ್ ಅಂತ ಹೆಸರು.

ಬೆಂಗಳೂರಿನವರ ‘ಜ್ಯೋತಿ’

ಕರ್ನಾಟಕದ ಮಟ್ಟಿಗೆ ಈ ಕೂಟದ ನಿಜವಾದ ಕಥೆ ಕೊಳಲಿನಿಂದ ಶುರುವಾಗುವುದಿಲ್ಲ, ಮೃದಂಗದಿಂದ. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಅವರ ಪತ್ನಿ ಗಾಯಕಿ ಆರ್.ಎ. ರಮಾಮಣಿ. ಇವರ ಜೊತೆಗೆ ಬಂದು ಕೂತವರು ಚಾರ್ಲಿ ಮರಿಯಾನೊ. ಬಾಸ್ಟನ್ನಿನಲ್ಲಿ 1923ರಲ್ಲಿ ಹುಟ್ಟಿ, ಚಾರ್ಲ್ಸ್ ಮಿಂಗಸ್‌ನಂಥ ದಿಗ್ಗಜರ ಜೊತೆ ನುಡಿಸಿದ್ದ ಸ್ಯಾಕ್ಸೊಫೋನ್ ವಾದಕ. ಮಲೇಷ್ಯಾದಲ್ಲಿದ್ದಾಗ ನಾಗಸ್ವರ ಕೇಳಿ ಮರುಳಾದವರು, ದಕ್ಷಿಣ ಭಾರತಕ್ಕೆ ಬಂದು ಅದನ್ನು ಶಿಷ್ಯನಾಗಿ ಕೂತು ಕಲಿತರು. ಹೆಸರು ಮಾಡಿದ ಮೇಲೆ, ನಡುವಯಸ್ಸು ದಾಟುವ ಹೊತ್ತಿಗೆ ಮತ್ತೆ ಸರಳೆವರಸೆಯ ಮುಂದೆ ಕೂರುವುದು ಸಣ್ಣ ಮಾತಲ್ಲ.

1983ರಲ್ಲಿ ಇವರೆಲ್ಲ ಸೇರಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಮಾಡಿದರು. ರಮಾಮಣಿಯವರ ಕಂಠ ಮತ್ತು ತಂಬೂರಿ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲರ ಘಟಂ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರರ ಖಂಜಿರ. ಎದುರಿಗೆ ಮರಿಯಾನೊ: ಸ್ಯಾಕ್ಸೊಫೋನ್, ಜೊತೆಗೆ ಕೊಳಲು. ಇಡೀ ಮುದ್ರಿಕೆಯಲ್ಲಿ ಸ್ವರಗುಚ್ಛ ನುಡಿಸುವ ವಾದ್ಯ ಒಂದೂ ಇಲ್ಲ. ಕಂಠ ಒಂದು ಸಾಲು ಹಾಡುತ್ತದೆ, ಗಾಳಿವಾದ್ಯ ಅದನ್ನು ಎತ್ತಿಕೊಳ್ಳುತ್ತದೆ, ಲಯ ಇಬ್ಬರನ್ನೂ ಹಿಡಿದಿರುತ್ತದೆ. ಮರಿಯಾನೊ ಇಲ್ಲಿ ರಾಗ ಹಾಡಲು ಹೋಗಿ ನಮ್ಮವರ ನಕಲು ಮಾಡುವುದಿಲ್ಲ. ಅವರ ಊದುವಿಕೆಯಲ್ಲಿ ಅಮೆರಿಕದ ಬ್ಲೂಸಿನ ಆರ್ತತೆ ಹಾಗೇ ಇದೆ. ರಮಾಮಣಿಯವರೂ ತಮ್ಮ ಗಮಕ ಬಿಟ್ಟುಕೊಡುವುದಿಲ್ಲ. 2009ರಲ್ಲಿ ಮರಿಯಾನೊ, 2020ರಲ್ಲಿ ಮಣಿ ತೀರಿಕೊಂಡರು. ಮುದ್ರಿಕೆ ಈಗಲೂ ಹೊಸದಾಗಿಯೇ ಕೇಳಿಸುತ್ತದೆ.

ಈ ಸಾಲಿಗೆ ಕನ್ನಡ ನಾಡಿನ ಇನ್ನೂ ಕೆಲವರನ್ನು ಸೇರಿಸಬೇಕು. ಹಾಸನ ಜಿಲ್ಲೆಯ ಸಂಗೀತದೂರು ರುದ್ರಪಟ್ಟಣದಲ್ಲಿ 1978ರಲ್ಲಿ ಹುಟ್ಟಿದ ಕೊಳಲು ವಾದಕ ಶಶಾಂಕ್ ಸುಬ್ರಹ್ಮಣ್ಯಂ, ಮೆಕ್‌ಲಾಫ್ಲಿನ್ ಅವರ ‘ಫ್ಲೋಟಿಂಗ್ ಪಾಯಿಂಟ್’ (2008) ಮುದ್ರಿಕೆಯಲ್ಲಿ ನುಡಿಸಿದರು. ಅದು ಗ್ರ್ಯಾಮಿಯ ಜಾಝ್ ವಿಭಾಗದಲ್ಲಿ ನಾಮನಿರ್ದೇಶನಗೊಂಡಿತ್ತು. ಧಾರವಾಡದಲ್ಲಿ ತಂದೆ ವೆಂಕಟೇಶ ಗೋಡ್ಖಿಂಡಿಯವರಿಂದ ಬಾನ್ಸುರಿ ಕಲಿತ ಪ್ರವೀಣ ಗೋಡ್ಖಿಂಡಿ ಶುದ್ಧ ಶಾಸ್ತ್ರೀಯವನ್ನೂ ಪಾಶ್ಚಾತ್ಯ ವಾದ್ಯಗಳ ಕೂಟವನ್ನೂ ಎರಡು ಬೇರೆ ಕೆಲಸಗಳಾಗಿ ನಡೆಸಿಕೊಂಡು ಬಂದಿದ್ದಾರೆ. ಕದ್ರಿ ಗೋಪಾಲನಾಥರದು ಇನ್ನೂ ದೊಡ್ಡ ಸಾಹಸ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಕರ್ನಾಟಕ ಸಂಗೀತ ಕಲಿಸಿದವರು. 1980ರ ಮುಂಬೈ ಜಾಝ್ ಯಾತ್ರಾದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರ ಜೊತೆ ನುಡಿಸಿದರು. ಮುಂದೆ 2008ರಲ್ಲಿ, ಅಮೆರಿಕದಲ್ಲಿ ಬೆಳೆದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಇವರನ್ನು ಕೂಡಿಸಿಕೊಂಡು ‘ಕಿನ್ಸ್‌ಮೆನ್’ ತಂದರು. ಹೆಸರಿನ ಅರ್ಥ ನೆಂಟರು. ಹೆಸರು ಸರಿಯಾಗಿದೆ.

ಗಾಂಧಾರದ ಜಗಳ

ಹಾಗಾದರೆ ತೊಡಕು ಎಲ್ಲಿ? ಮೊದಲನೆಯದು ಗಾಂಧಾರದಲ್ಲಿ. ತಂಬೂರಿ ಸರಿಯಾಗಿ ಕೂಡಿದ್ದರೆ ಅದರ ಷಡ್ಜದ ತಂತಿಯೊಳಗೇ ಒಂದು ಶುದ್ಧ ಗಾಂಧಾರ ಗುಂಯ್ ಅನ್ನುತ್ತದೆ. ಪಿಯಾನೋದ ಗಾಂಧಾರ ಅದಕ್ಕಿಂತ ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು ಮೇಲಿದೆ. ಹನ್ನೆರಡು ಸ್ವರಗಳನ್ನು ಸಮಪಾಲು ಹಂಚಿದ್ದರ ಫಲ ಅದು. ಸಿನಿಮಾ ಹಾಡಿನಲ್ಲಿ ಇದು ಕಿವಿಗೆ ತಾಗುವುದಿಲ್ಲ. ಯಮನ್ ರಾಗದಲ್ಲಿ ಕೊಳಲಿನವರು ಗಾಂಧಾರದ ಮೇಲೆ ಹತ್ತು ಸೆಕೆಂಡು ನಿಂತಾಗ ತಾಗುತ್ತದೆ.

ಎರಡನೆಯದು ಷಡ್ಜದ ಪ್ರಶ್ನೆ. ನಮ್ಮಲ್ಲಿ ಷಡ್ಜ ಊರಿನ ಅಗಸೆಯ ಹಾಗೆ. ಎಲ್ಲಿ ಹೋದರೂ ಅದರ ಮೂಲಕವೇ ಮರಳಬೇಕು. ಜಾಝಿನಲ್ಲಿ ಅಗಸೆಯೇ ಚಲಿಸುತ್ತದೆ. ‘ಸೋ ವಾಟ್’ ಹಾಡನ್ನೇ ನೋಡಿ: ಮೊದಲ 16 ಅಳತೆ (ಜಾಝಿನವರ ‘ಬಾರ್’) ಸಫೇದ್ ದೋನಲ್ಲಿ, ನಡುವಿನ 8 ಅಳತೆ ಅರ್ಧಸ್ವರ ಮೇಲೆ ಕಾಳಿ ದೋನಲ್ಲಿ, ಕೊನೆಯ 8 ಮತ್ತೆ ಸಫೇದ್ ದೋಗೆ. ಲೋಹದ ಕೊಳಲಿನವನಿಗೆ ಇದು ಬೆರಳಾಟ. ಬಾನ್ಸುರಿಯವನು ಅಷ್ಟರಲ್ಲಿ ಕೊಳಲು ಬದಲಿಸಬೇಕು, ಇಲ್ಲವೇ ಸುಮ್ಮನೆ ಕೂರಬೇಕು. ಬಲ್ಲವರು ಸುಮ್ಮನೆ ಕೂರುತ್ತಾರೆ. ಕೂಟದಲ್ಲಿ ಯಾವಾಗ ನುಡಿಸಬಾರದು ಎಂದು ತಿಳಿಯುವುದೂ ಒಂದು ವಿದ್ಯೆ.

ಲಯದಲ್ಲಿ ಮಾತ್ರ ಲೆಕ್ಕ ಅಚ್ಚರಿಯಾಗಿ ಕೂಡುತ್ತದೆ. ಬ್ಲೂಸಿನ ಒಂದು ಸುತ್ತು 12 ಅಳತೆ, ಒಂದೊಂದಕ್ಕೆ 4 ಮಾತ್ರೆ, ಒಟ್ಟು 48. ತೀನ್‌ತಾಲದ ಒಂದು ಆವರ್ತನ 16 ಮಾತ್ರೆ; ಮೂರು ಆವರ್ತನಕ್ಕೆ 48. ಏಕತಾಲವಾದರೆ 12ರ ನಾಲ್ಕು ಆವರ್ತನ. ಬ್ಲೂಸಿನವನೂ ತಬಲಾದವನೂ ತಮ್ಮ ತಮ್ಮ ಲೆಕ್ಕ ಬಿಡದೆ ಒಂದೇ ಸಮ್‌ಗೆ, ಅಂದರೆ ಸುತ್ತಿನ ಮೊದಲ ಮಾತ್ರೆಗೆ, ಬಂದು ಬೀಳಬಹುದು. ಜಾಝಿನವರು ನಾಲ್ಕು ನಾಲ್ಕು ಅಳತೆ ಹಂಚಿಕೊಂಡು ಒಬ್ಬರಿಗೊಬ್ಬರು ಉತ್ತರ ಕೊಡುವ ಆಟವೊಂದಿದೆ. ನಾಲ್ಕು ನಾಲ್ಕಲೆ 16, ಸರಿಯಾಗಿ ತೀನ್‌ತಾಲದ ಒಂದು ಆವರ್ತನ. ನಮ್ಮವರು ಇದನ್ನೇ ಸವಾಲ್-ಜವಾಬ್ ಅನ್ನುತ್ತಾರೆ. ಒತ್ತು ಬೀಳುವ ಜಾಗ ಬೇರೆ, ಅದು ನಿಜ. ಜಾಝಿನ ಒತ್ತು ಎರಡು ಮತ್ತು ನಾಲ್ಕನೆಯ ಮಾತ್ರೆಗೆ. ತೀನ್‌ತಾಲದಲ್ಲಿ ಒಂಬತ್ತನೆಯದು ಖಾಲಿ. ಆ ವ್ಯತ್ಯಾಸವೇ ಕೇಳುವವನ ತಲೆ ಆಡಿಸುವುದು.

ಆರಂಭದಲ್ಲಿ ಕೇಳಿದ ಸಮಾನ ಅಳತೆ ಇಲ್ಲಿದೆ. ಸ್ವರದಲ್ಲಿ ಹುಡುಕಿದರೆ ಸಿಗುವುದಿಲ್ಲ. ಬರೆದಿಟ್ಟದ್ದನ್ನು ಬಿಟ್ಟು ಕೂತಲ್ಲೇ ಕಟ್ಟುವ ಧೈರ್ಯದಲ್ಲಿ, ಎದುರಿನವನು ಈಗ ಏನು ಹೇಳಿದ ಎಂದು ಕೇಳಿಸಿಕೊಳ್ಳುವ ಕಿವಿಯಲ್ಲಿ, ಸುತ್ತು ಮುಗಿಯುವ ಜಾಗದ ಅರಿವಿನಲ್ಲಿ ಸಿಗುತ್ತದೆ. ಈ ಮೂರೂ ನಡೆಯಬೇಕಾದರೆ ನುಡಿಸುವವರು ಒಬ್ಬರ ಉಸಿರು ಒಬ್ಬರಿಗೆ ಕೇಳುವಷ್ಟು ಹತ್ತಿರ ಕೂರಬೇಕು. ಮೂವತ್ತಡಿ ವೇದಿಕೆಯಲ್ಲಿ ಆಗದ್ದು ಹತ್ತಡಿ ಜಮಖಾನದ ಮೇಲೆ ಆಗುತ್ತದೆ.

ನಮ್ಮ ಐದು ಊರಿನಲ್ಲಿ ಏನಿದೆ?

ಇದೆಲ್ಲ ಬೆಂಗಳೂರು, ಮುಂಬೈ, ಓಸ್ಲೋದ ಮಾತಾಯಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗೇನು ಸಂಬಂಧ ಎಂದು ಕೇಳಬಹುದು. ನನ್ನ ಉತ್ತರ: ಬೇಕಾದ ಸಾಮಾನು ಬಹುಪಾಲು ನಮ್ಮಲ್ಲಿ ಬಿದ್ದುಕೊಂಡಿದೆ.

ಮೊದಲನೆಯದು ಕೋಣೆ. ದೇಶದ ಎಷ್ಟೋ ಮನೆಗಳಿಗೆ ನೆಲ ಹಾಸಿದ ಕಲ್ಲು ಶಹಾಬಾದಿನದು. ನಮ್ಮ ಹಳೆಯ ಮನೆಗಳಲ್ಲಿ ನೆಲವೂ ಅದೇ, ಗೋಡೆಯೂ ಕಲ್ಲು. ಬರಿದಾದ ಕಲ್ಲಿನ ಪಡಸಾಲೆಯಲ್ಲಿ ಕೊಳಲು ಊದಿ ನೋಡಿ. ಮಂದ್ರದ ಸ್ವರ ಗೋಡೆಗೆ ತಾಗಿ ದುಂಡಗಾಗಿ ಮರಳುತ್ತದೆ, ತಾರದ ಸ್ವರ ಮಾತ್ರ ಕಿವಿಗೆ ಚುಚ್ಚುತ್ತದೆ. ಒಂದು ದಪ್ಪ ಜಮಖಾನ ಹಾಸಿ ಐವತ್ತು ಜನರನ್ನು ಕೂರಿಸಿದರೆ ಆ ಚುಚ್ಚು ಹೋಗುತ್ತದೆ, ದುಂಡು ಉಳಿಯುತ್ತದೆ. ಕಲ್ಲಿನ ಮನೆ ಸಂಜೆಯ ಬಿಸಿಯನ್ನೂ ತಡೆಯುತ್ತದೆ, ಶ್ರುತಿ ಓಡುವುದಿಲ್ಲ. ಮೈಕ್ ಬೇಡವೇ ಬೇಡ.

ಎರಡನೆಯದು ವಾದಕರು. ಜಾಝಿನ ವಾದ್ಯಗಳು ನಮ್ಮೂರಿಗೆ ಹೊಸವಲ್ಲ. ಮದುವೆ ಮೆರವಣಿಗೆಯ ಬ್ಯಾಂಡಿನವರ ಕೈಯಲ್ಲಿ ಕ್ಲಾರಿಯೊನೆಟ್, ಟ್ರಂಪೆಟ್, ಒಮ್ಮೊಮ್ಮೆ ಸ್ಯಾಕ್ಸೊಫೋನ್ ದಿನಾ ನುಡಿಯುತ್ತವೆ. ಅವರು ಯಾವ ಹಾಡನ್ನಾದರೂ ಒಮ್ಮೆ ಕೇಳಿ ಎತ್ತಿಕೊಳ್ಳುತ್ತಾರೆ, ನಡುವೆ ತಮ್ಮದೊಂದು ಹೊರಳು ಸೇರಿಸುತ್ತಾರೆ. ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಜಾಝ್ ಹುಟ್ಟುವಾಗಲೂ ಬೀದಿಯ ಮೆರವಣಿಗೆ ಬ್ಯಾಂಡುಗಳು ಅದರ ತೊಟ್ಟಿಲು ತೂಗಿದವು. ಅಲ್ಲಿನವರಿಗೆ ಕೋಣೆ ಸಿಕ್ಕಿತು, ಗೌರವ ಸಿಕ್ಕಿತು. ನಮ್ಮವರಿಗೆ ಕುದುರೆಯ ಮುಂದಿನ ಜಾಗವೇ ಖಾಯಂ. ಅರಮನೆ ಬ್ಯಾಂಡಿನ ವಾದ್ಯ ಕೇಳಿ ಒಬ್ಬ ಕದ್ರಿ ಗೋಪಾಲನಾಥರು ಆದರು ಎಂಬುದನ್ನು ಮರೆಯಬಾರದು.

ಮೂರನೆಯದು ಕೇಳುವ ಅಭ್ಯಾಸ. ಊರೂರಿನ ಭಜನಾ ಮಂಡಳಿಯವರು ಹಾರ್ಮೋನಿಯಂ, ತಬಲಾ, ತಾಳ ಇಟ್ಟುಕೊಂಡು ರಾತ್ರಿಯಿಡೀ ತತ್ವಪದ ಹಾಡುತ್ತಾರೆ. ಹಾಡುವವರು ಒಂದು ಸಾಲನ್ನು ಹತ್ತು ಥರ ತಿರುವಿದರೆ ಎದುರು ಕೂತವರು ತಲೆದೂಗುತ್ತಾರೆ. ಚಿಂಚೋಳಿ ಕಡೆಯ ತಾಂಡಾಗಳ ಬಂಜಾರ ಹಾಡಿನ ಏರಿಳಿತ ಬೇರೆಯೇ ಲೋಕ. ಚಿತ್ತಾಪುರದ ಪಕ್ಕದ ನಾಗಾವಿ ಹನ್ನೊಂದನೆಯ ಶತಮಾನದಲ್ಲಿ ಗ್ರಂಥಭಂಡಾರವಿದ್ದ ಘಟಿಕಾಸ್ಥಾನ; ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಹೊರಗಿನ ವಿದ್ಯೆ ಬಂದಾಗ ಕೂರಲು ಮಣೆ ಹಾಕುವುದು ಈ ನೆಲಕ್ಕೆ ಹೊಸದಲ್ಲ.

ಇಲ್ಲದ್ದು ಒಂದೇ: ಇವರನ್ನೆಲ್ಲ ಒಂದು ಜಮಖಾನದ ಮೇಲೆ ಕೂರಿಸುವ ಕೆಲಸ. ಲಕ್ಷಗಟ್ಟಲೆ ಖರ್ಚಿನ ಉತ್ಸವ ಅದಕ್ಕೆ ಬೇಡ. ತಿಂಗಳಿಗೊಂದು ಶನಿವಾರ ಸಾಕು. ಒಂದು ಕಲ್ಲಿನ ಪಡಸಾಲೆ, ಒಬ್ಬ ಕೊಳಲಿನವರು, ಬ್ಯಾಂಡಿನ ಒಬ್ಬ ಕ್ಲಾರಿಯೊನೆಟ್ಟಿನವರು, ಭಜನಾ ಮಂಡಳಿಯ ಒಬ್ಬ ತಬಲಾದವರು, ಮೊಬೈಲಿನಲ್ಲಿ ತಂಬೂರಿ. ಮೊದಲರ್ಧ ತಾಸು ಎಲ್ಲರೂ ಕೂಡಿ ಒಂದು ಜಾಝ್ ಮುದ್ರಿಕೆ ಕೇಳಿ; ‘ಜ್ಯೋತಿ’ಯಿಂದ ಶುರುಮಾಡಿದರೆ ಒಳ್ಳೆಯದು. ಆಮೇಲೆ ಕಾಫಿ ಹಿಡಿದು ನುಡಿಸಿ. ಮೊದಲ ಸಲ ಕೆಡುತ್ತದೆ. ಮೂರನೆಯ ತಿಂಗಳಿಗೆ ಒಬ್ಬರಿಗೊಬ್ಬರು ಜಾಗ ಬಿಡುವುದು ಕಲಿತಿರುತ್ತಾರೆ.

ಈ ಐದರಲ್ಲಿ ನಾಲ್ಕು ಊರಿಗೆ ರೈಲಿದೆ, ಚಿಂಚೋಳಿಗೆ ಇಲ್ಲ. ಸೇಡಂನಲ್ಲಿ ಬೈಠಕ್ ಇಟ್ಟರೆ ಚಿಂಚೋಳಿಯವರ ಕೊನೆಯ ಬಸ್ಸಿನ ಹೊತ್ತು ವಿಚಾರಿಸಿಕೊಂಡೇ ಮುಗಿಸಿ.